ಹಾಸನಾಂಬೆಯ ಸಾಲಿನಲ್ಲಿ

ಧರ್ಮದರ್ಶನದ ಸಾಲಿಗೆ ನಿಂತು ನಾಲ್ಕು ಗಂಟೆಯಾಗಿತ್ತು. ಅರಕಲಗೂಡಿನ ಅತ್ತೆ ಬರಿಗಾಲನ್ನು ಒಂದರ ಮೇಲೊಂದು ಇಟ್ಟುಕೊಂಡು ಬ್ಯಾರಿಕೇಡಿಗೆ ಒರಗಿದ್ದರು.

ನಾನು: ಕಾಲು ನೋಯ್ತಿಲ್ವಾ ಅತ್ತೆ?

ಅತ್ತೆ: ನೋಯದೆ ಇರುತ್ತಾ? ಬಾಗಿಲು ತೆಗೆಯೋದೇ ವರ್ಷಕ್ಕೊಂದ್ಸಲ. ಆಶ್ವೀಜ ಹುಣ್ಣಿಮೆ ಆದ್ಮೇಲಿನ ಗುರುವಾರ ಬಾಳೆಕಂದು ಕಡಿದು ತೆಗೀತಾರೆ, ಬಲಿಪಾಡ್ಯಮಿ ಕಳೆದ್ರೆ ಮುಚ್ಚಿಬಿಡ್ತಾರೆ.

ನಾನು: ಸ್ಟಾಕ್‌ಹೋಮಿನಲ್ಲೂ ದಿನಾ ದೀಪ ಹಚ್ತೀನಿ. ಇಲ್ಲಿ ಸಿಗೋ ನೆಮ್ಮದಿ ಅಲ್ಲಿ ಸಿಗಲ್ಲ. ಯೂರೋಪಿನ 11 ದೇಶಗಳ ಸುಮಾರು 1.88 ಲಕ್ಷ ಜನರನ್ನ ಕೇಳಿ ಮಾಡಿದ ಅಧ್ಯಯನವೊಂದು 2012ರಲ್ಲಿ ಬಂತು. ಸುತ್ತಲಿನವರೂ ನಂಬೋ ಕಡೆ ನಂಬಿದವರ ಮನಸ್ಸು ಹೆಚ್ಚು ನೆಮ್ಮದಿಯಾಗಿರುತ್ತಂತೆ. ಅಷ್ಟಾಗಿ ನಂಬದ ದೇಶಗಳಲ್ಲಿ ಆ ವ್ಯತ್ಯಾಸ ಕಾಣೋದೇ ಇಲ್ವಂತೆ. ಹಾಗಾದ್ರೆ ನೆಮ್ಮದಿ ಕೊಡೋದು ದೇವರಾ, ಜನಾನಾ?

ಅತ್ತೆ: ಜನ ಕೊಡ್ತಾರೆ ಪುಟ್ಟಿ, ಜನಾನೇ ಕಿತ್ಕೊಳ್ತಾರೆ. ನಿಮ್ಮ ಮಾವ ತೀರಿಹೋದ ವರ್ಷ ಗೌರಿ ಹಬ್ಬದ ಬಾಗಿನ ಬೀದಿಯ ಮನೆಮನೆಗೂ ಹೋಯ್ತು, ನಮ್ಮ ಮನೆಯೊಂದು ಬಿಟ್ಟು. ಬೀದಿಯವರ ಲೆಕ್ಕದಲ್ಲಿ ಅದೂ ಭಕ್ತೀನೇ. ಆ ದೀಪಾವಳಿಗೆ ಇದೇ ಸಾಲಲ್ಲಿ ನಿಂತಿದ್ದೆ. ಹೊಳೆನರಸೀಪುರದ ಕಡೆಯೋಳಂತೆ, ಹೆಸರೂ ಕೇಳಲಿಲ್ಲ ನಾನು, ಪೊಟ್ಟಣ ಬಿಚ್ಚಿ ಎಲ್ಲರಿಗೂ ಕುಂಕುಮ ಇಡ್ತಾ ಬಂದಳು. ನಾನು ಹಿಂದೆ ಸರಿದೆ. ಗಲ್ಲ ಹಿಡಿದು, ಹಣೆ ಮೇಲಿನ ಬೆವರು ಸೆರಗಲ್ಲಿ ಒರೆಸಿ ಇಟ್ಟಳು.

ನಾನು: ಅಂದ್ರೆ ಅವಳೇ ಸಾಕಾಗಿತ್ತು. ದೇವಿ ಯಾಕೆ ಬೇಕಿತ್ತು?

ಅತ್ತೆ: ಅವಳೂ ನಾನೂ ಈ ಸಾಲಿಗೆ ಬಂದಿದ್ದು ಯಾರನ್ನ ನೋಡೋಕೆ?

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ದಿನ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿದ್ದು ನೆನಪಾಯಿತು.

ನಾನು: ಚಿಕ್ಕಬೆಟ್ಟದ ಬಂಡೆ ಮೇಲೆ ಶಾಸನ ನೋಡಿದ್ವಲ್ಲ? ಏಳನೇ ಶತಮಾನದಲ್ಲೇ ಸಲ್ಲೇಖನ ಹಿಡಿದು, ಅನ್ನ ಬಿಟ್ಟು ದೇಹ ಬಿಟ್ಟವರದ್ದು. ನಂಬಿದ್ದರಿಂದ ನಿಮಗೆ ಸುಖವಾಯ್ತಾ ಅಂತ ಅವರನ್ನ ಕೇಳೋಕಾಗುತ್ತಾ?

ಅತ್ತೆ: ಅಷ್ಟು ಗಟ್ಟಿಗಿತ್ತಿ ಅಲ್ಲ ನಾನು. ನನಗೆ ನೆಮ್ಮದಿ ಬೇಕು. ಆದ್ರೆ ಅದನ್ನೇ ಬೇಡ್ತಾ ನಿಂತ ವರ್ಷ ಕಾಲುನೋವೊಂದೇ ಸಿಕ್ಕಿದ್ದು. ಹುತ್ತದ ರೂಪದಲ್ಲಿರೋ ನಮ್ಮಮ್ಮನ್ನ ನೋಡಿ ಹೋಗೋಣ ಅಂತ ಸುಮ್ಮನೆ ಬಂದ ವರ್ಷ, ಇನ್ನೂ ಅರ್ಧ ಸಾಲಲ್ಲಿರುವಾಗ್ಲೇ ಸಿಕ್ತು. ನೀನು ದೀಪ ಹಚ್ಚುವಾಗ ಯಾರನ್ನಾದ್ರೂ ಕರೀತೀಯಾ?

ನಾನು: ಇಲ್ಲ ಅತ್ತೆ.

ಸಾಲು ಎರಡು ಹೆಜ್ಜೆ ಜರುಗಿತು. ಅತ್ತೆ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು, ಬರಿಹಣೆಯಲ್ಲಿ ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿದರು.

“ಇಡ್ಲೇನಮ್ಮಾ?”