ಕಾಣದ ಅಂಚಿನ ಹೊಣೆ

ಕರ್ನಾಟಕದ ಮನೆಗಳಲ್ಲಿ ಅಡುಗೆ ಕಟ್ಟೆಗೆ ಹೆಚ್ಚಾಗಿ ಕಲ್ಲಿನ ಹಾಸು. ಒಲೆ ಅದರ ಮೇಲೆ ಕೂರುತ್ತದೆ. ಹೊಸದು ಬಂದಾಗ ಹಳೆಯದನ್ನು ಎತ್ತಿಟ್ಟರೆ ಕೆಲಸ ಮುಗಿಯಿತು. ಜೈನ ಕುಟುಂಬಗಳು ಹಲವು ನೆಲೆಸಿರುವ ಇಂಗ್ಲೆಂಡಿನಲ್ಲಿ ಪದ್ಧತಿ ಬೇರೆ. ಅಲ್ಲಿನ ಸಾಮಾನ್ಯ ಅಡುಗೆಮನೆಯ ಕಟ್ಟೆ ಎಂದರೆ ಸುಮಾರು 38 ಮಿಲಿಮೀಟರ್ ದಪ್ಪದ, 600 ಮಿಲಿಮೀಟರ್ ಅಗಲದ ಪಾರ್ಟಿಕಲ್ ಬೋರ್ಡಿನ ಹಲಗೆ. ಅದರ ಮೇಲೆ ಲ್ಯಾಮಿನೇಟಿನ ತೆಳುವಾದ ಹೊದಿಕೆ. ಹಲಗೆಯಲ್ಲಿ ಕಿಂಡಿ ಕೊರೆದು ಒಲೆಯನ್ನು ಅದರೊಳಗೆ ಇಳಿಸುತ್ತಾರೆ. ಹೊಸ ಒಲೆ ಹಳೆಯ ಕಿಂಡಿಗಿಂತ ಬೆರಳಿನಷ್ಟು ದೊಡ್ಡದಾದರೂ ಹಲಗೆಯನ್ನು ಮತ್ತೆ ಕತ್ತರಿಸಬೇಕು.

ಇದು ಬಡಗಿಯ ವಿಷಯ, ನೀತಿ ವಿಚಾರಕ್ಕೆ ಇಲ್ಲೇನು ಕೆಲಸ ಎಂದು ಕೇಳುವವರುಂಟು. ಅವರು ಹಲಗೆಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಈ ಬಗೆಯ ಲ್ಯಾಮಿನೇಟು ಮೊದಲು ಅಡುಗೆಮನೆಗಾಗಿ ಹುಟ್ಟಿದ್ದಲ್ಲ. 1912ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಉಪಕರಣಗಳಿಗೆ ಬೇಕಾದ ಅಭ್ರಕದ ಬದಲಿಗೆ ಅದನ್ನು ರೂಪಿಸಿದರು. ಫಾರ್ಮಿಕಾ ಎಂಬ ಹೆಸರಿನಲ್ಲಿಯೇ ಆ ಅರ್ಥವಿದೆ. ರಾಳದಲ್ಲಿ ನೆನೆದ ಕಾಗದದ ಪದರಗಳನ್ನು ಶಾಖ ಹಾಗೂ ಒತ್ತಡದಿಂದ ಒಂದಾಗಿಸಿದ ಈ ಹಾಳೆಯ ಮೇಲೆ ನೀರು ನಿಲ್ಲುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಆದರೆ ಗರಗಸ ಆಡಿದಲ್ಲಿ ಒಳಗಿನ ಮರದ ಚೂರುಗಳು ಬಯಲಾಗುತ್ತವೆ. ಅವು ನೀರನ್ನು ಕುಡಿದು ಉಬ್ಬುತ್ತವೆ. ಒಣಗಿದ ಮೇಲೂ ಆ ಉಬ್ಬು ಇಳಿಯುವುದಿಲ್ಲ.

ಬಲ್ಲ ಬಡಗಿ ಮೊದಲು ಕಾಗದದ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಗೆರೆ ಎಳೆಯುತ್ತಾನೆ. ಮೂಲೆಗಳಲ್ಲಿ ದುಂಡಗಿನ ರಂಧ್ರ ಕೊರೆಯುತ್ತಾನೆ. ಚೂಪು ಮೂಲೆಯಿಂದ ಲ್ಯಾಮಿನೇಟು ಸೀಳುವ ಭಯವಿದೆ. ಸಾಮಾನ್ಯ ವಿದ್ಯುತ್ ಗರಗಸದ ಹಲ್ಲು ಮೇಲ್ಮುಖವಾಗಿ ಕತ್ತರಿಸಿ ಹೊದಿಕೆಯ ಚಕ್ಕೆ ಎಬ್ಬಿಸುವುದರಿಂದ ಕೆಳಮುಖ ಹಲ್ಲಿನ ಅಲಗನ್ನು ಆರಿಸುತ್ತಾನೆ. ಇಷ್ಟೂ ಎಚ್ಚರ ಕಣ್ಣಿಗೆ ಕಾಣುವ ಮೇಲ್ಮೈಗಾಗಿ. ಕೊನೆಗೆ ಉಳಿಯುವುದು ಒಂದೇ ಕೆಲಸ: ಕತ್ತರಿಸಿದ ಅಂಚಿಗೆ ವಾರ್ನಿಷನ್ನೋ ಸಿಲಿಕೋನನ್ನೋ ಬಳಿದು ಮುಚ್ಚುವುದು. ಒಲೆ ಇಳಿದೊಡನೆ ಆ ಅಂಚು ಮರೆಯಾಗುತ್ತದೆ. ಬಳಿದನೋ ಬಿಟ್ಟನೋ ಎಂಬುದನ್ನು ಮನೆಯೊಡತಿ ಅರಿಯಲಾರಳು. ಹಣ ಎಣಿಸುವ ಹೊತ್ತಿಗೆ ಎರಡೂ ಕೆಲಸ ಒಂದೇ ರೀತಿ ಹೊಳೆಯುತ್ತವೆ.

ವ್ಯತ್ಯಾಸ ತಿಳಿಯುವುದು ಕಾಲಾಂತರದಲ್ಲಿ. ಉಕ್ಕಿದ ಹಾಲು, ಒರೆಸಿದ ನೀರು ಅಂಚಿನಲ್ಲಿ ಇಂಗುತ್ತವೆ. ಹಲಗೆ ಉಬ್ಬಿ ಹೊದಿಕೆ ಏಳುತ್ತದೆ, ಬಿರುಕು ಬಿಡುತ್ತದೆ. ಬೆಚ್ಚಗಿನ ಕತ್ತಲೆ, ತೇವ, ಆಹಾರದ ಕಣ ಇರುವಲ್ಲಿಗೆ ಜಿರಲೆ ಬರುವುದು ಅದರ ಸ್ವಭಾವ. ಅದರ ಹಿಂದೆಯೇ ವಿಷದ ಡಬ್ಬಿಯೂ ಮನೆ ಹೊಕ್ಕುತ್ತದೆ. ಸಿಂಪಡಿಸಿದವನ ಕೈ ಎಲ್ಲರಿಗೂ ಕಾಣುತ್ತದೆ. ಹಿಂದೊಮ್ಮೆ ಅಂಚನ್ನು ಹಾಗೆಯೇ ಬಿಟ್ಟು ಹೋದವನಿಗೆ ಆ ಹಿಂಸೆಯಲ್ಲಿ ಪಾಲಿಲ್ಲವೇ?

ಕೊಲ್ಲುವ ಸಂಕಲ್ಪ ಅವನಿಗಿರಲಿಲ್ಲ, ನಿಜ. ಮರದ ಗುಣವನ್ನೇ ಅರಿಯದವನಾಗಿದ್ದರೆ ಮಾತು ಬೇರೆ. ಅರಿತೂ ಬಿಟ್ಟದ್ದಾದರೆ ಅದಕ್ಕೆ ಪ್ರಮಾದವೆಂಬ ಹೆಸರು ಹಿಂದಿನಿಂದಲೇ ಇದೆ. ಫಲ ತಡವಾಗಿ ಬಂದಿತೆಂಬ ಕಾರಣಕ್ಕೆ ಅದು ಹಗುರಾಗದು. ಆದರೆ ದೋಷವನ್ನೆಲ್ಲ ಬಡಗಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅರ್ಧ ದಿನದ ಕೂಲಿಗೆ ಚೌಕಾಸಿ ಮಾಡಿ, ಸಂಜೆಯೊಳಗೆ ಒಲೆ ಉರಿಯಲೇಬೇಕೆಂದು ಅವಸರಪಡಿಸಿದ ಯಜಮಾನ ಅಂಚಿನ ಬೆಲೆಯನ್ನು ಕೂಲಿಯಿಂದ ತಾನೇ ಕಳೆದಿರುತ್ತಾನೆ. ಹಳೆಯ ಕಿಂಡಿಗೆ ಹೊಂದುವ ಒಲೆ ಅಂಗಡಿಯಲ್ಲಿದ್ದೂ ಐದನೆಯ ಉರಿಗಾಗಿ ದೊಡ್ಡದನ್ನು ತಂದಿದ್ದರೆ ಗರಗಸವನ್ನು ಮನೆಗೆ ಕರೆದವನೂ ಅವನೇ. ಕಿಂಡಿಯನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ.

ವಾರ್ನಿಷ್ ಒಣಗಲು ಕೆಲವು ಗಂಟೆ ಬೇಕು. ಅಷ್ಟು ಹೊತ್ತು ಹೊಸ ಒಲೆ ಪೆಟ್ಟಿಗೆಯಲ್ಲಿಯೇ ಇರಬೇಕು. ಡಿಸೆಂಬರಿನ ಇಂಗ್ಲೆಂಡಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ; ಅದಕ್ಕೆ ಮುನ್ನ ಊಟ ಮುಗಿಸುವ ನಿಯಮವುಳ್ಳ ಮನೆಯವರು ಅಂದಿನ ಅಡುಗೆಯನ್ನು ಹಿಂದಿನ ಒಲೆಯ ಮೇಲೆ ಬೆಳಗ್ಗೆಯೇ ಮಾಡಿಟ್ಟು, ಆಮೇಲೆ ಬಡಗಿಗೆ ಬಾಗಿಲು ತೆರೆಯುವುದು ಒಳಿತು.