ಮರಳ ಕೊಡ

ದೇವತೆಯ ಹೆಸರಿನಲ್ಲಿ ಹಾಡಿ ಕುಣಿಯುವ ಕಲಾವಿದರೊಬ್ಬರು ತೀರಿಕೊಂಡಾಗ ಜೊತೆಗಾರರು ನೆನೆಯಬೇಕಾದದ್ದು ದೇವತೆಯನ್ನೋ, ಆಕೆಯನ್ನು ಹೊತ್ತು ಊರೂರು ತಿರುಗಿದ ವ್ಯಕ್ತಿಯನ್ನೋ ಎಂಬ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜೋಗತಿ ಪರಂಪರೆಯಲ್ಲಿ ಸಹಜವಾಗಿಯೇ ಏಳುತ್ತದೆ. ಜೋಗತಿಯರೆಂದರೆ ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡು, ಅಂದರೆ ದೀಕ್ಷೆಯ ಮಣಿಸರವನ್ನು ಕೊರಳಿಗೆ ಧರಿಸಿ, ಉಳಿದ ಆಯುಷ್ಯವನ್ನು ದೇವಿಗೆ ಒಪ್ಪಿಸಿದವರು. ಹುಟ್ಟಿನಲ್ಲಿ ಗಂಡೆಂದು ಎಣಿಸಲ್ಪಟ್ಟು ಹೆಣ್ಣಾಗಿ ಬದುಕುವ ಜೋಗಪ್ಪಂದಿರೂ ಈ ಬಳಗಕ್ಕೆ ಸೇರಿದವರು. ಹಾಡುವ ಬಾಯಿ ತಮ್ಮದು, ಹಾಡಿಸುವವಳು ತಾಯಿ ಎಂದೇ ಅವರು ನಂಬುತ್ತಾರೆ. ಹೀಗಿರುವಾಗ ಒಬ್ಬ ಕಲಾವಿದೆಯ ಸಾವಿನಿಂದ ಕಳೆದುಹೋಗುವುದಾದರೂ ಏನು?

ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ ಮತ್ತು ಮಂಜಮ್ಮ ಜೋಗತಿಯವರ ಒಡನಾಟ ಈ ಪ್ರಶ್ನೆಗೆ ಒಂದು ದಾರಿ ತೋರಿಸುತ್ತದೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ದೀಕ್ಷೆಯ ನಂತರ ಮನೆಯವರಿಂದ ದೂರವಾಗಿದ್ದ ಮಂಜಮ್ಮ, ದಾವಣಗೆರೆಯಲ್ಲಿ ಬಸಪ್ಪ ಎಂಬವರಿಂದ ಕೊಡದ ಕುಣಿತ ಕಲಿತ ಮೇಲೆ ಕಾಳವ್ವನವರ ಜೊತೆ ಸೇರಿದರು. ಕಾಳವ್ವನವರು ತೀರಿಕೊಂಡ ಬಳಿಕ ಅವರ ತಂಡದ ಹೊಣೆ ಮಂಜಮ್ಮನವರ ಹೆಗಲಿಗೇ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ ಮಂಜಮ್ಮನವರಿಗೆ ಸಂದವು. ನಾಡು ಅವರನ್ನು ಬಲ್ಲದು. ಕಾಳವ್ವನವರ ಹೆಸರು ಕೇಳಿದವರು ಕಡಿಮೆ.

ಎಲ್ಲಮ್ಮನ ಕಥೆಯಲ್ಲಿಯೇ ನೆನಪಿನ ವಿಚಾರ ಅಡಗಿದೆ. ಜಮದಗ್ನಿಯ ಮಡದಿ ರೇಣುಕೆಯೇ ಎಲ್ಲಮ್ಮ; ಅವಳು ನಿತ್ಯವೂ ಮಲಪ್ರಭೆಯ ದಂಡೆಯಲ್ಲಿ ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನೇ ಸಿಂಬಿಯಾಗಿ ಸುತ್ತಿ, ಗಂಡನ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಮನಸ್ಸು ಚಂಚಲವಾದಾಗ ಮರಳು ಕೊಡವಾಗಲಿಲ್ಲ. ಜೋಗತಿಯರು ತಲೆಯ ಮೇಲೆ ಹೊರುವ, ದೇವಿಯ ಮುಖವಿಟ್ಟು ಅಲಂಕರಿಸಿದ ಕೊಡ ಆ ಕಥೆಯನ್ನೇ ಪ್ರತಿ ಸಲ ಕಣ್ಣೆದುರು ತರುತ್ತದೆ. ಚೌಡಿಕೆಯ, ಅಂದರೆ ಚರ್ಮ ಬಿಗಿದ ಒಡಲಿನಿಂದ ಒಂದೇ ತಂತಿ ಎಳೆದು ಕಂಕುಳಲ್ಲಿರುಕಿ ನುಡಿಸುವ ವಾದ್ಯದ ನಾದಕ್ಕೆ ಕತ್ತು ನೆಟ್ಟಗಿಟ್ಟು, ಕೊಡಕ್ಕೆ ಕೈ ತಾಗಿಸದೆ, ಮೊಣಕಾಲು ಮಡಚಿ ನೆಲದತ್ತ ಇಳಿದು ಮತ್ತೆ ಏಳುವಾಗ ತೂಕ ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಅದು ಪಕ್ಕದಲ್ಲಿ ಕುಣಿಯುವವರ ಮೈ ನೋಡಿಯೇ ಬರಬೇಕು.

ಹೀಗೆ ಮೈಯಿಂದ ಮೈಗೆ ಬರುವುದೂ ಒಂದು ನೆನಪೇ. ತರ್ಕಶಾಸ್ತ್ರವಾದ ನ್ಯಾಯದರ್ಶನವು ಸ್ಮೃತಿಯನ್ನು, ಅಂದರೆ ಹಿಂದಿನ ಅನುಭವ ಉಳಿಸಿದ ಸಂಸ್ಕಾರದಿಂದಷ್ಟೇ ಹುಟ್ಟುವ ಅರಿವನ್ನು, ಪ್ರಮೆಯೆಂದು, ಎಂದರೆ ಯಥಾರ್ಥ ಅನುಭವವೆಂದು ಎಣಿಸುವುದಿಲ್ಲ. ತರ್ಕದ ಮಟ್ಟಿಗೆ ಇದು ಸರಿಯಿರಬಹುದು. ಆದರೆ ಮರಳ ಕೊಡವನ್ನು ನಿನ್ನೆಯಿಂದ ಇಂದಿಗೆ ಎತ್ತಿಡಲಾಗದು, ಇಂದಿನ ಕೊಡವನ್ನು ಇಂದೇ ಮಾಡಬೇಕು; ಜೊತೆಗಾರ್ತಿಯಿಂದ ಬಂದ ವಿದ್ಯೆಯೂ ಇನ್ನೊಬ್ಬರ ಮೈಯಲ್ಲಿ ಆ ಗಳಿಗೆಗೆ ಹೊಸದಾಗಿ ಹುಟ್ಟದ ಹೊರತು ಇರುವುದೇ ಇಲ್ಲ. ಇಂಥ ನೆನಪನ್ನು ಹಳೆಯ ಅನುಭವದ ನೆರಳೆನ್ನುವುದು ಕಷ್ಟ.

ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಇನ್ನೂ ಆಳವಾದ ಒಂದು ಸಂಗತಿಯಿದೆ. ಸಿಟ್ಟಾದ ತಂದೆ ಜಮದಗ್ನಿಯ ಆಜ್ಞೆಯಂತೆ ತಾಯಿ ರೇಣುಕೆಯನ್ನೂ ಅಣ್ಣಂದಿರನ್ನೂ ಕಡಿದ ಪರಶುರಾಮ, ವರ ಬೇಡುವಾಗ ಅವರು ಮರಳಿ ಬದುಕಲಿ ಎಂಬುದರ ಜೊತೆಗೆ, ತಾವು ಹತರಾದದ್ದು ಅವರ ನೆನಪಿನಲ್ಲಿ ಉಳಿಯದಿರಲಿ ಎಂದೂ ಕೇಳುತ್ತಾನೆ. ದೇವಿಗೆ ಮರೆವು ವರವಾಗಿ ದೊರೆಯಿತು. ಅವಳು ಮರೆತ ನೋವನ್ನು ರಾತ್ರಿಯಿಡೀ ಹಾಡಿ ಹೊರುವ ಹೊಣೆ ಜೋಗತಿಯರಿಗೆ ಬಂತು. ತೀರಿಹೋದ ಕಲಾವಿದೆಯೂ ತನ್ನನ್ನು ತಾನು ನೆನೆಯಲಾರಳು. ಅವಳ ಪಾಲಿನ ನೆನಪನ್ನು ಜೊತೆಯವರೇ ಹೊರಬೇಕು, ಮತ್ತು ಹಾಗೆ ಹೊರುವುದು ದೇವಿಯ ಸೇವೆಯಿಂದ ಬೇರೆಯಾದ ಕೆಲಸವಲ್ಲ. ದೇವಿಯೋ ವ್ಯಕ್ತಿಯೋ ಎಂಬ ಪ್ರಶ್ನೆ ಇಲ್ಲಿಗೆ ತನ್ನ ಮೊನಚು ಕಳೆದುಕೊಳ್ಳುತ್ತದೆ.

ಆದರೂ ಹೆಸರಿನ ಮಾತು ಉಳಿಯುತ್ತದೆ. ಹರಿದಾಸ ಪರಂಪರೆಯ ಕವಯಿತ್ರಿ ಹರಪನಹಳ್ಳಿ ಭೀಮವ್ವ (1823-1903) ತಮ್ಮ ಹಾಡುಗಳನ್ನು ‘ಭೀಮೇಶಕೃಷ್ಣ’ ಎಂಬ ಅಂಕಿತದಿಂದ, ಅಂದರೆ ಕೊನೆಯಲ್ಲಿ ಬರುವ ದೇವರ ಹೆಸರಿನ ಮುದ್ರೆಯಿಂದ, ಮುಗಿಸಿದರು. ದೇವರ ಹೆಸರೇ ಕವಯಿತ್ರಿಯ ಗುರುತೂ ಆಗಿ ಹಾಡುಗಳನ್ನು ಕಾಯ್ದಿದೆ. ಬಾಯಿಂದ ಬಾಯಿಗೆ ಸಾಗುವ ಜೋಗತಿ ಪದಕ್ಕೆ ಅಂಥ ಕಾವಲಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಎಲ್ಲಮ್ಮನ ಪದಗಳನ್ನು ಧ್ವನಿಮುದ್ರಿಸಿಕೊಳ್ಳುವವರು, ಹಾಡುತ್ತಿರುವವರ ಹೆಸರಿನ ಕೆಳಗೆ ಅವರು ಯಾರ ಜೊತೆ ಹಾಡಿ ಕಲಿತರೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು.