ಧೈರ್ಯದ ರೂಢಿ

ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ನಮಗಿಲ್ಲ ಎಂದುಕೊಂಡರೆ ಸುಮ್ಮನಿರಲು ಒಳ್ಳೆಯ ನೆಪ ಸಿಕ್ಕ ಹಾಗೆ. ಅರಿಸ್ಟಾಟಲ್ ಈ ನೆಪಕ್ಕೆ ಎಡೆಗೊಡಲಿಲ್ಲ. ಧೈರ್ಯದ ಕೆಲಸ ಮಾಡಿ ಮಾಡಿಯೇ ಮನುಷ್ಯ ಧೈರ್ಯವಂತನಾಗುತ್ತಾನೆ ಎಂಬುದು ಅವನ ವಾದ. ಹೇಡಿತನ ಒಂದು ಕೊನೆ, ಹುಂಬತನ ಇನ್ನೊಂದು. ನಡುವಿನ ಹದ ತಿಳಿಯಲು ವಿವೇಕ ಬೇಕು.  ಅಂಥ ಹದ ತಿಳಿದವರೊಬ್ಬರು ನಮ್ಮ ನೆರೆಯಲ್ಲೇ ಇದ್ದರು.

ಸಾತಾರಾದ ವೈದ್ಯ, ಕಬಡ್ಡಿ ಆಟಗಾರ ನರೇಂದ್ರ ದಾಭೋಲ್ಕರ್ 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದರು. ಪುಣೆಯ ‘ಸಾಧನಾ’ ವಾರಪತ್ರಿಕೆಯ ಸಂಪಾದಕರೂ ಆಗಿದ್ದರು. ದೇವರನ್ನು ನಂಬುವವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ನಂಬಿದವರನ್ನು ಸುಲಿಯುವವರ ಮೇಲಿತ್ತು. ವಿಚಾರವಾದಿಗಳೆನಿಸಿಕೊಂಡ ಹಲವರಿಗೆ ಈ ಹದ ಸಿಕ್ಕುವುದಿಲ್ಲ. ಭಕ್ತರನ್ನು ಗೇಲಿ ಮಾಡುವುದನ್ನೇ ಅವರು ಶೌರ್ಯವೆಂದುಕೊಳ್ಳುತ್ತಾರೆ. ದಾಭೋಲ್ಕರ್ ವರ್ಷಗಟ್ಟಲೆ ಅಂಧಶ್ರದ್ಧೆಯ ಹೆಸರಿನ ಸುಲಿಗೆ, ಹಿಂಸೆಗಳನ್ನು ತಡೆಯುವ ಒಂದು ಮಸೂದೆಯನ್ನು ತಿದ್ದುತ್ತ, ಶಾಸಕರ ಬಾಗಿಲಿಗೆ ಅಲೆಯುತ್ತ ಕಳೆದರು. ಕಣ್ಣಿಗೆ ಬೀಳದ ಆ ತಾಳ್ಮೆಯೇ ಅವರ ಗುಣಗಳಲ್ಲೆಲ್ಲ ದೊಡ್ಡದೆಂದು ನನ್ನ ಎಣಿಕೆ.

2013ರ ಆಗಸ್ಟ್ 20ರ ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟಿದ್ದ ದಾಭೋಲ್ಕರರನ್ನು ಪುಣೆಯ ಓಂಕಾರೇಶ್ವರ ದೇವಾಲಯದ ಬಳಿಯ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ಆ ಸೇತುವೆಗಿರುವುದು ನಮ್ಮ ಜಮಖಂಡಿಯಲ್ಲಿ ಹುಟ್ಟಿ ಅಸ್ಪೃಶ್ಯತೆಯ ವಿರುದ್ಧ ಬಾಳು ಸವೆಸಿದ ವಿಠ್ಠಲ ರಾಮಜಿ ಶಿಂದೆಯವರ ಹೆಸರು.

ಬೆದರಿಕೆಗಳಿದ್ದರೂ ದಾಭೋಲ್ಕರ್ ಪೊಲೀಸ್ ರಕ್ಷಣೆ ಬೇಡವೆಂದಿದ್ದರು. ಇದು ಹುಂಬತನವೇ? ಊರೂರು ತಿರುಗಿ ಜನರ ಜೊತೆ ಕೂತು ಮಾತಾಡುವವರ ಬೆನ್ನಿಗೆ ಬಂದೂಕು ನಿಂತರೆ ಜನ ಬಾಯಿಬಿಡುವುದಿಲ್ಲ, ಕೆಲಸವೇ ಕೆಡುತ್ತದೆ. ಹಾಗಾಗಿ ಅಲ್ಲವೆನ್ನುತ್ತೇನೆ. ಆದರೂ ನನ್ನ ಮನೆಯವರಲ್ಲಿ ಯಾರಾದರೂ ಹೀಗೆ ಹಟ ಹಿಡಿದರೆ ಒಪ್ಪಲಾರೆ.

ಕೊಲೆಯಾದ ಕೆಲವೇ ದಿನಗಳಲ್ಲಿ ಆ ಮಸೂದೆ ಸುಗ್ರೀವಾಜ್ಞೆಯಾಗಿ ಬಂತು, ಡಿಸೆಂಬರಿನಲ್ಲಿ ಅದಕ್ಕೆ ಮಹಾರಾಷ್ಟ್ರ ಶಾಸನಸಭೆಯ ಒಪ್ಪಿಗೆ ಸಿಕ್ಕಿತು. ಅಷ್ಟು ಬೇಗ ಆಗಬಹುದಾದದ್ದಕ್ಕೆ ಒಂದು ಹೆಣ ಬೇಕಾಯಿತು. ನಮ್ಮಲ್ಲೂ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಕೊಂದರು. ಕರ್ನಾಟಕದ ವಿಧಾನಮಂಡಲ ಇಂಥದೇ ಮಸೂದೆಯನ್ನು ಅಂಗೀಕರಿಸಿದ್ದು 2017ರಲ್ಲಿ. ಪುಣೆಯಲ್ಲಿ ಸಮಿತಿಯ ಕಾರ್ಯಕರ್ತರು ವರ್ಷಗಳ ಕಾಲ ತಿಂಗಳು ತಿಂಗಳೂ 20ನೇ ತಾರೀಖು ಆ ಸೇತುವೆಯ ಮೇಲೆ ಸೇರಿದರು. ಅರಿಸ್ಟಾಟಲ್ ಹೇಳಿದ ರೂಢಿ ಇದೇ ಇರಬೇಕು.

ಇಷ್ಟಾಗಿಯೂ, ಪಕ್ಕದ ಮನೆಯಲ್ಲಿ ದೆವ್ವ ಬಿಡಿಸುತ್ತೇನೆಂದು ಯಾರೋ ಸೊಸೆಯನ್ನು ಬಡಿಯುತ್ತಿದ್ದರೆ ಕಾಯ್ದೆ ತಾನಾಗಿ ಎದ್ದು ಬರುವುದಿಲ್ಲ. ನೆರೆಯವರೊಬ್ಬರು ಬಾಗಿಲು ತಟ್ಟಬೇಕು, ಠಾಣೆಗೆ ಹೋಗಿ ದೂರಿಗೆ ರುಜು ಹಾಕಬೇಕು, ಮರುದಿನವೂ ಅದೇ ಓಣಿಯಲ್ಲಿ ಹಾಲು ತರಲು ಹೋಗಬೇಕು.